ವಂದನಾರ್ಪಣೆಗೆ ಕೂತವಳು

ರೀ,

ನಾನು ಮುಂಚೆಯೇ ಹೊರಟೆ. ನಿಮ್ಮ ಜೊತೆ ವಾದ ಮಾಡುತ್ತ ಕೂತರೆ ಯೂನಿವರ್ಸಿಟಿಯ ಉಪನ್ಯಾಸ ಮುಗಿದೇ ಹೋಗುತ್ತದೆ.

ಊಟ ಮುಚ್ಚಿಟ್ಟಿದ್ದೇನೆ. ಬಿಸಿ ಮಾಡಿಕೊಳ್ಳಿ, ಪಾತ್ರೆ ಸೀಯಿಸಬೇಡಿ. ನೀಲಿ ಅಂಗಿಗೆ ಇಸ್ತ್ರಿ ಹಾಕಿ ಕುರ್ಚಿಯ ಮೇಲಿಟ್ಟಿದ್ದೇನೆ. ಕಿವಿಯ ಮಿಷನ್ನು ಕನ್ನಡಕದ ಡಬ್ಬಿಯಲ್ಲಿದೆ. ಸಿಗಲಿಲ್ಲ ಎಂಬ ನೆಪ ಬೇಡ.

ಆ ಹಳೇ ಸಭಾಂಗಣ ಕೆಡವುವ ಮುಂಚೆ ಇದೇ ಕೊನೆಯ ಉಪನ್ಯಾಸ. ವಂದನಾರ್ಪಣೆ ನೀವೇ ಮಾಡಬೇಕೆಂದು ನಿಮ್ಮ ವಿದ್ಯಾರ್ಥಿಗಳು ಮನೆಗೇ ಬಂದು ಕೇಳಿದರು. "ಈಗ ನನ್ನ ಮಾತು ಯಾರಿಗೆ ಬೇಕು" ಅಂದುಬಿಟ್ಟಿರಿ. ಆಗ ಮಾತ್ರ ಯಾರಿಗೆ ಬೇಕಿತ್ತು? ಮೈಕಿನವನಿಂದ ಹಿಡಿದು ನೀರು ತಂದಿಟ್ಟವನವರೆಗೆ ನೀವು ಒಬ್ಬೊಬ್ಬರನ್ನೇ ನೆನೆಯುವಷ್ಟರಲ್ಲಿ ಜನ ಎದ್ದು ಹೊರಟಿರುತ್ತಿದ್ದರು. ಆ ಮರದ ಕುರ್ಚಿಗಳು ಪಟಪಟ ಮಡಚಿಕೊಳ್ಳುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕೊನೆಗೆ ಮೂರನೇ ಸಾಲಿನಲ್ಲಿ ಉಳಿಯುತ್ತಿದ್ದವಳು ನಾನೊಬ್ಬಳೇ.

ಮೊದಲ ಸಲ ನಿಮ್ಮ ಮಾತಿಗೆ ಮರುಳಾಗಿ ಕೂತೆನೆಂದು ಮಕ್ಕಳು, ಮೊಮ್ಮಕ್ಕಳಿಗೆಲ್ಲ ಹೇಳಿಕೊಂಡು ಬಂದಿದ್ದೀರಿ. ಅದೆಲ್ಲ ಏನಿಲ್ಲ. ಅವತ್ತು ನನ್ನ ಒಂದು ಚಪ್ಪಲಿ ಮುಂದಿನ ಸಾಲಿನ ಕೆಳಗೆ ಜಾರಿಹೋಗಿತ್ತು. ಎಲ್ಲರೆದುರು ಬಗ್ಗಿ ಹುಡುಕಲು ನಾಚಿಕೆಯಾಗಿ, ಎಲ್ಲರೂ ಹೋಗಲಿ ಎಂದು ಕೂತಿದ್ದೆ.

ಗ್ಯಾಸ್ ಆರಿಸಿ, ಬಾಗಿಲಿಗೆ ಬೀಗ ಹಾಕಿ ಬನ್ನಿ. ಎಷ್ಟು ಉದ್ದ ಬೇಕಾದರೂ ಮಾತಾಡಿ, ನಾನು ಅದೇ ಸಾಲಿನಲ್ಲಿ ಇರುತ್ತೇನೆ.

ಆ ಒಂದು ದಿನ ಬಿಟ್ಟರೆ, ಉಳಿದ ಅಷ್ಟೂ ವರ್ಷ ಎರಡೂ ಚಪ್ಪಲಿ ನನ್ನ ಕಾಲಲ್ಲೇ ಇದ್ದವು.