ಕೈಗವಸಿನ ದನಿ

ಡುಲೂತ್, ಮಿನೆಸೋಟ
ಏಪ್ರಿಲ್ ೧೧, ೨೦೧೯, ಗುರುವಾರ

ಪ್ರಿಯ ಡ್ಯೂಯಿ,

ನೀನೂ ವರ್ಲೀನಳೂ ಕ್ಷೇಮದಿಂದಿದ್ದೀರೆಂದು ನಂಬಿದ್ದೇನೆ. ಫೆಬ್ರವರಿಯಲ್ಲಿ ಬರೆದ ಪತ್ರಕ್ಕೆ ಏಪ್ರಿಲ್‌ನಲ್ಲಿ ಉತ್ತರಿಸುತ್ತಿರುವ ಗೆಳೆಯನನ್ನು ಕ್ಷಮಿಸು. ನಿನ್ನ ಪತ್ರವು ಮೊದಲು ತರಬೇತಿ ಶಿಬಿರಕ್ಕೆ ಹೋಗಿ, ಅಲ್ಲಿಂದ ಇಲ್ಲಿಗೆ ಮರಳಿ, ನನ್ನ ಪೆಟ್ಟಿಗೆಯಲ್ಲಿ ಮೊಣಕಾಲಿನ ಕಾಪುಗಳ ಅಡಿಯಲ್ಲಿ ಮೂರು ವಾರ ಮಲಗಿತ್ತು. ನೀನು ಕಳುಹಿಸಿದ ಕಾಕಂಬಿಯ ಡಬ್ಬಿ ಮಾತ್ರ ಎಂದಿನಂತೆ ನೇರವಾಗಿ ಮನೆಗೆ ಬಂದಿದೆ. ಅದನ್ನು ರೊಟ್ಟಿಗೆ ಹಚ್ಚದೆ ದಿನಕ್ಕೊಂದು ಚಮಚದಂತೆ ಬಾಯಿಗೆ ಹಾಕಿಕೊಳ್ಳುವ ನನ್ನನ್ನು ಕಂಡು ನನ್ನಾಕೆ ಮಾರಿಟ್, “ಅದೇನ್ರೀ, ಕಷಾಯ ಕುಡಿಯೋರ ಹಾಗೆ ಮುಖ ಮಾಡ್ಕೊಂಡು ತಿಂತೀರಿ? ಡ್ಯೂಯಿ ನೋಡಿದ್ರೆ ಮುಂದಿನ ವರ್ಷದಿಂದ ಕಳ್ಸೋದೇ ಬಿಡ್ತಾರೆ” ಎಂದು ಛೇಡಿಸುತ್ತಾಳೆ. ಮೂವತ್ತೈದು ಚಳಿಗಾಲಗಳಲ್ಲಿ ಒಂದನ್ನೂ ತಪ್ಪಿಸದೆ ಕಳುಹಿಸಿದ್ದೀಯೆ. ಇದಕ್ಕೆ ನಾನು ಎಷ್ಟು ಋಣಿಯೆಂಬುದನ್ನು ಎಂದೂ ಸರಿಯಾಗಿ ಬರೆದವನಲ್ಲ. ನಿನ್ನ ಪತ್ರದ ಕೊನೆಯ ಸಾಲುಗಳನ್ನು ಹಲವು ಬಾರಿ ಓದಿದ್ದೇನೆ. ಅವಕ್ಕೆ ಉತ್ತರವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ನೀನು ಪ್ರತಿ ಪತ್ರದಲ್ಲಿಯೂ ಕೇಳುವ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ. ಬೇಸ್‌ಬಾಲ್ ಋತು ಆರಂಭವಾಗಿ ಎಂಟೇ ದಿನಗಳಾಗಿವೆ. ಐವರು ಎಸೆತಗಾರರ ಸರದಿಯಲ್ಲಿ ಇಬ್ಬರು ಆಗಲೇ ಗಾಯಾಳುಗಳ ಪಟ್ಟಿ ಸೇರಿದ್ದಾರೆ. ಒಬ್ಬನಿಗೆ ತೊಡೆಯ ಹಿಂಭಾಗದ ಸ್ನಾಯು ಸೆಳೆದಿದೆ. ಇನ್ನೊಬ್ಬನು ಬಸ್ಸಿನಲ್ಲಿ ಸೀನಿ ಪಕ್ಕೆಲುಬಿನ ಬಳಿ ಉಳುಕಿಸಿಕೊಂಡ. ನಗಬೇಡ, ನಾವೆಲ್ಲರೂ ನಕ್ಕು ಮುಗಿಸಿದ ಮೇಲೆಯೇ ಅವನಿಗೆ ನಿಜವಾಗಿ ನೋವಾಗಿದೆಯೆಂದು ತಿಳಿದದ್ದು. ಸರೋವರದಲ್ಲಿ ಇನ್ನೂ ಮಂಜುಗಡ್ಡೆ ತೇಲುತ್ತಿದೆ. ಇಂಥ ಗಾಳಿಯಲ್ಲಿ ಯಾರ ತೋಳು ತಾನೇ ನೆಟ್ಟಗಿದ್ದೀತು? ನಮ್ಮ ಮೇಲಿನ ಹಿರಿಯ ತಂಡದ ಸ್ಥಿತಿ ಇದಕ್ಕಿಂತ ಕೆಟ್ಟದು. ಅಲ್ಲಿ ಮೂವರು ಮಲಗಿದ್ದಾರೆ. ಮುಂದಿನ ವಾರ ಶುಕ್ರವಾರದ ಆಟಕ್ಕೆ ಎಸೆಯುವವನೇ ಇಲ್ಲ. ಆದ್ದರಿಂದ ಇಲ್ಲಿಂದ ಒಬ್ಬನನ್ನು ಕರೆಸಿಕೊಳ್ಳುತ್ತಾರೆ.

ಆ ಒಬ್ಬನು ಎಮೆಟ್ ಸೊರೆಲ್ ಎಂಬುದು ಎಲ್ಲರ ಊಹೆ. ಲೂಸಿಯಾನಾದವನು, ಇಪ್ಪತ್ತೊಂಬತ್ತು ವರ್ಷದವನು. ಎಂಟು ವರ್ಷ ಕೆಳಗಿನ ತಂಡಗಳ ಬಸ್ಸುಗಳಲ್ಲಿ ಕಳೆದು, ಹಿರಿಯ ತಂಡದ ಅಂಗಿಯನ್ನು ಒಂದು ದಿನವೂ ತೊಡದವನು. ಭಾನುವಾರ ಅವನ ಸರದಿ. ಎದುರಾಳಿ ತಂಡದಿಂದ ಎಸೆಯುವವನು ಹಾಲಿಸ್ ಪ್ರೂಯಿಟ್, ಇನ್ನೂ ಇಪ್ಪತ್ತೊಂದು ತುಂಬದ, ಪತ್ರಿಕೆಗಳೆಲ್ಲ ಹೊಗಳುವ ಹುಡುಗ. ಅವನೆದುರು ಎಮೆಟ್ ಹೇಗೆ ನಿಲ್ಲುತ್ತಾನೆಂದು ನೋಡಲು ಹಿರಿಯ ತಂಡದವರೇ ಬರುತ್ತಾರಂತೆ. ಎಮೆಟ್‌ನ ತಂದೆಯೂ ಎರಡು ದಿನ ಗಾಡಿ ಓಡಿಸಿಕೊಂಡು ಬರುತ್ತಿದ್ದಾರೆ.

ಇಂದು ಮಧ್ಯಾಹ್ನ ಅವನು ನನಗೆ ಇಪ್ಪತ್ತೈದು ಚೆಂಡುಗಳನ್ನು ಎಸೆದ. ಆಟಕ್ಕೆ ಮುಂಚೆ ಅಂಕಣದ ಬದಿಯಲ್ಲಿ ಎಸೆತಗಾರರ ಚೆಂಡು ಹಿಡಿದು ಅವರ ತೋಳು ಕಾಯಿಸುವುದೇ ಈಗ ನನ್ನ ಕೆಲಸವೆಂಬುದನ್ನು ನೀನು ಬಲ್ಲೆ. ನಾವು ಹಿಡಿಯುವವರು ಎಸೆತಗಾರರ ಕಿವಿಗೆ ಹಾಕದ ಒಂದು ಸಂಗತಿಯನ್ನು ಈ ವಯಸ್ಸಿನಲ್ಲಿ ಹೇಳಿಬಿಡುತ್ತೇನೆ. ಕೈಗವಸನ್ನು ಸ್ವಲ್ಪ ಸಡಿಲಿಸಿ, ಚೆಂಡನ್ನು ಅದರ ಹಳ್ಳಕ್ಕೆ ಸರಿಯಾಗಿ ಬೀಳಿಸಿಕೊಂಡರೆ ಎಂಥ ಸತ್ತ ಎಸೆತವೂ ಕೋವಿ ಹಾರಿದಂತೆ ಸಿಡಿಯುತ್ತದೆ. ಆ ಸದ್ದು ಕೇಳಿದ ಎಸೆತಗಾರನ ಎದೆ ಎರಡಂಗುಲ ಅಗಲವಾಗುತ್ತದೆ. ಕೈಗವಸನ್ನು ಹಾಡಿಸುವುದೆಂದು ನಾವು ಅದನ್ನು ಕರೆಯುತ್ತೇವೆ. ನನಗಿಂತ ಚೆನ್ನಾಗಿ ಹಾಡಿಸುವವನು ಈ ಮಟ್ಟದಲ್ಲಿ ಇಲ್ಲವೆಂದು ಹೇಳುತ್ತಾರೆ. ನನ್ನನ್ನು ಇಷ್ಟು ವರ್ಷ ಇಟ್ಟುಕೊಂಡಿರುವುದೂ ಅದಕ್ಕಾಗಿಯೇ.

“ಕೇಳ್ಸ್ತಾ ಅಜ್ಜ?” ಎಂದ ಎಮೆಟ್.

“ಕೇಳ್ಸ್ತು. ಪ್ರೂಯಿಟ್‌ಗೂ ಕೇಳ್ಸಿರ್ಬೇಕು.”

“ಪಾಪ, ಹುಡುಗ. ಅವರಮ್ಮನಿಗೆ ಫೋನ್ ಮಾಡಿ ಹೇಳ್ಬಿಡು, ಭಾನುವಾರ ಸಮಾಧಾನ ಮಾಡೋಕೆ ಯಾರಾದ್ರೂ ಬೇಕಾಗತ್ತೆ ಅಂತ.”

ನಾನೂ ನಕ್ಕೆ. ಆದರೆ ಡ್ಯೂಯಿ, ಕಿವಿಗೆ ಬಿದ್ದದ್ದು ನಾನು ಮಾಡಿದ ಸದ್ದು. ಅಂಗೈಗೆ ಬಂದದ್ದು ಅವನ ಚೆಂಡು. ಅದು ಕೊನೆಯ ಮೊಳದಲ್ಲಿ ಅಂಗೈ ಕಚ್ಚುವುದನ್ನು ಬಿಟ್ಟು ಜೀವವಿಲ್ಲದೆ ಬೀಳುತ್ತಿತ್ತು. ವೇಗ ಅಳೆಯುವ ಯಂತ್ರ ಗಂಟೆಗೆ ಎರಡು ಮೈಲಿ ಕಡಿಮೆ ತೋರಿಸಿತು. ಎಸೆತ ತರಬೇತುದಾರ ಬ್ರಾಂಟ್, “ಚಳಿ ಕಣಯ್ಯ, ಎಲ್ಲರದೂ ಹೀಗೇ ಇದೆ” ಎಂದು ಬರೆದುಕೊಂಡು ಹೋದ. ಚಳಿಯೇ ಇರಬಹುದು. ಎಮೆಟ್‌ನ ಬೆನ್ನ ಹಿಂದೆ ಬ್ರಾಂಟ್‌ಗೆ ಹೇಳಲು ನನ್ನ ಬಳಿ ಇರುವುದಾದರೂ ಏನು? ಮುದುಕನೊಬ್ಬನ ಅಂಗೈಯ ಅನಿಸಿಕೆ. ಅದರ ಮೇಲೆ ಅವನ ಎಂಟು ವರ್ಷಗಳನ್ನು ಕಿತ್ತುಕೊಳ್ಳಲೇ?

ಮಾರಿಟ್ ಊಟಕ್ಕೆ ಕರೆಯುತ್ತಿದ್ದಾಳೆ. ಪತ್ರವನ್ನು ಇಲ್ಲಿಗೆ ನಿಲ್ಲಿಸುತ್ತೇನೆ.

ಏಪ್ರಿಲ್ ೧೬, ಮಂಗಳವಾರ

ಐದು ದಿನ ಲೇಖನಿ ಮುಟ್ಟಲಾಗಲಿಲ್ಲ. ಅಂದು ನಿಲ್ಲಿಸಿದಲ್ಲಿಂದಲೇ ಮುಂದುವರಿಸುತ್ತೇನೆ.

ಭಾನುವಾರ ಬಿಸಿಲಿತ್ತು, ಗಾಳಿಯೂ ಇತ್ತು. ಎಮೆಟ್‌ನ ತಂದೆ ಬೇಲಿಯ ಆಚೆಗೆ ನಿಂತಿದ್ದರು. ಸೀಗಡಿ ದೋಣಿಗಳ ಯಂತ್ರ ರಿಪೇರಿ ಮಾಡುವವರು, ಮಾತು ಕಡಿಮೆ. ಆಟಕ್ಕೆ ಮುಂಚೆ ತೋಳು ಕಾಯಿಸಲೆಂದು ಎಮೆಟ್ ಎಸೆತಗಾರರ ದಿಣ್ಣೆಯ ಮೇಲೆ ನಿಂತು ನನಗೆ ಎಸೆಯತೊಡಗಿದ. ಮೊದಲ ಆರೇಳು ಎಸೆತಗಳನ್ನು ನಾನು ಎಂದಿನಂತೆ ಹಾಡಿಸಿದೆ. ಅಂಗೈಗೆ ಗುರುವಾರಕ್ಕಿಂತಲೂ ಜಡವಾಗಿ ತಾಗುತ್ತಿತ್ತು. ಅವನು ಮಾತ್ರ ತಂದೆಯ ಕಡೆ ತಿರುಗಿ ಹುಬ್ಬು ಹಾರಿಸಿದ.

ಆ ಹುಬ್ಬನ್ನು ಕಂಡದ್ದೇ ನನಗೆ ಏನಾಯಿತೋ, ಎಂಟನೆಯದನ್ನು ಹಳ್ಳಕ್ಕೆ ಬೀಳಿಸಿಕೊಳ್ಳಲಿಲ್ಲ. ಅಂಗೈಯ ಬುಡಕ್ಕೆ ಬಂದಂತೆಯೇ ಹಿಡಿದೆ. ದಪ್ಪ್ ಎಂದಿತು. ಒಂಬತ್ತನೆಯದೂ ಹಾಗೆಯೇ.

“ಆರ್ವಿಲ್, ಏನಾಗಿದೆ ನಿನ್ ಕೈಗವಸಿಗೆ?” ಎಂದ ಬ್ರಾಂಟ್. “ಒದ್ದೆ ಹಾಸಿಗೆಗೆ ಕೋಲಲ್ಲಿ ಬಡಿದ ಹಾಗಿದೆ.”

“ಕೈಗವಸು ನೆಟ್ಟಗಿದೆ” ಎಂದೆ.

ಎಮೆಟ್ ದಿಣ್ಣೆಯಿಂದಿಳಿದು ನನ್ನ ಬಳಿಗೆ ಬಂದ. ಹಲ್ಲು ಕಚ್ಚಿಕೊಂಡು, ಬೇರೆಯವರಿಗೆ ಕೇಳಿಸದಂತೆ ಮಾತಾಡಿದ. “ಏನ್ ಮಾಡ್ತಿದ್ದೀಯ ಅಜ್ಜ? ಇವತ್ತೇ ಆಗ್ಬೇಕಿತ್ತಾ ಇದು? ಸರಿಯಾಗಿ ಹಿಡಿ.”

“ಸರಿಯಾಗೇ ಹಿಡೀತಿದ್ದೀನಿ ಮಗ. ಇಷ್ಟು ಹೊತ್ತು ನಾನು ಸದ್ದು ಮಾಡ್ತಿದ್ದೆ. ಈಗ ಕೇಳ್ತಿರೋದು ನಿನ್ ಚೆಂಡು.”

ಅವನು ಇನ್ನೊಂದು ಹೆಜ್ಜೆ ಮುಂದೆ ಬಂದ. ಹೊಡೆಯುತ್ತಾನೆಂದುಕೊಂಡೆ. ಬಳಿಕ ಬಲಗೈಯನ್ನು ಮುಂದೆ ಚಾಚಿ, ಕಿರುಬೆರಳನ್ನು ಎಡಗೈಯಿಂದ ಮಡಿಸಿ ತೋರಿಸಿದ.

“ಬುಧವಾರದಿಂದ ಇದು ಜೋಮು ಹಿಡಿದಿದೆ” ಎಂದ. “ಸದ್ದು ಚೆನ್ನಾಗಿತ್ತಲ್ಲ, ಏನೂ ಇಲ್ಲ ಅಂದ್ಕೊಂಡೆ.”

ಆ ದಿನ ಅವನು ಎಸೆಯಲಿಲ್ಲ. ಅವನ ಬದಲು ರೆನ್ ಎಂಬ ಎಡಗೈಯವನು ಎಸೆದ. ಐದು ಇನಿಂಗ್ಸ್ ಅದ್ಭುತವಾಗಿ ಎಸೆದ. ಆದರೂ ನಮ್ಮ ಒಂದು ಓಟಕ್ಕೆ ಎರಡು ಓಟ ಗಳಿಸಿ ಪ್ರೂಯಿಟ್‌ನ ತಂಡ ಗೆದ್ದಿತು. ಇಂದು ಬೆಳಗಿನ ವಿಮಾನ ಹತ್ತಿ ಹಿರಿಯ ತಂಡಕ್ಕೆ ಹೋದವನು ರೆನ್. ಎಮೆಟ್‌ಗೆ ಮೀಸಲಿದ್ದ ಅಂಗಿಯನ್ನು ಅವನು ತೊಡುತ್ತಾನೆ. ಇದನ್ನು ಮುಚ್ಚಿಟ್ಟು ಬರೆಯಲಾರೆ.

ನಮ್ಮ ಫಿಸಿಯೋ ನೋರಾ ನಿನ್ನೆ ಎಮೆಟ್‌ನ ತೋಳಿನ ಸ್ಕ್ಯಾನ್ ಮಾಡಿಸಿದಳು. ಮೊಣಕೈಯ ಒಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು ಊದಿಕೊಂಡಿದೆ, ಹರಿದಿಲ್ಲ. “ಹರಿಯೋಕೆ ಇನ್ನೊಂದು ನಲವತ್ತು ಎಸೆತ ಸಾಕಿತ್ತು” ಎಂದಳಂತೆ. ಆರು ವಾರ ವಿಶ್ರಾಂತಿ, ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲ. ಜೂನ್ ವೇಳೆಗೆ ಎಸೆಯಬಹುದು. ಹಿರಿಯ ತಂಡದಲ್ಲಿ ಜೂನ್‌ನಲ್ಲಿಯೂ ಯಾರಿಗಾದರೂ ಗಾಯವಾಗಿಯೇ ಇರುತ್ತದೆ. ಇನ್ನೊಬ್ಬರ ನೋವಿನ ಮೇಲೆ ಆಸೆ ಕಟ್ಟುವ ಕಸುಬು ನಮ್ಮದು, ದೇವರು ಕ್ಷಮಿಸಲಿ.

ಇಂದು ಎಮೆಟ್ ಎರಡು ಲೋಟ ಕಾಫಿ ಹಿಡಿದು ನನ್ನ ಬೆಂಚಿಗೆ ಬಂದ.

“ನಿನ್ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ” ಎಂದ.

“ಅವಸರ ಏನಿಲ್ಲ. ಆರು ವಾರ ಬಿಡುವಿದೆಯಲ್ಲ, ನಿಧಾನಕ್ಕೆ ಇಳಿಸ್ಕೋ.”

ಅವನು ನಗಲಿಲ್ಲ, ಎದ್ದು ಹೋಗಲೂ ಇಲ್ಲ. ಕಾಫಿ ಮುಗಿಯುವವರೆಗೆ ಪಕ್ಕದಲ್ಲಿಯೇ ಕುಳಿತಿದ್ದ. ಊರಿಗೆ ಹೊರಟ ಅವನ ತಂದೆ ಬಂದು, ನನ್ನ ಎಡಗೈಯನ್ನು ಹಿಡಿದು, ಅಂಗೈಯನ್ನು ಮೇಲೆ ತಿರುಗಿಸಿ, ಕೆಟ್ಟ ಯಂತ್ರವನ್ನು ಪರೀಕ್ಷಿಸುವವರಂತೆ ನೋಡಿದರು. “ಚೆನ್ನಾಗಿ ನೋಡ್ಕೊಳ್ಳಿ ಇದನ್ನ” ಎಂದಷ್ಟೇ ಹೇಳಿ ಗಾಡಿ ಹತ್ತಿದರು. ನಲವತ್ತು ವರ್ಷಗಳ ಈ ವೃತ್ತಿಯಲ್ಲಿ ನನಗೆ ದೊರೆತ ಯಾವ ಮರ್ಯಾದೆಯೂ ಅದಕ್ಕೆ ಸಮನಲ್ಲ. ಈ ಅಂಗೈಗೂ, ಇದು ಇನ್ನೂ ಮರಗಟ್ಟದೆ ಉಳಿದಿರುವುದಕ್ಕೂ ನಾನು ಕೃತಜ್ಞ.

ನೀನು ತರಬೇತಿ ಕೊಡುವ ಶಾಲೆಯ ತಂಡದ ಹುಡುಗರ ತೋಳುಗಳೆಲ್ಲ ಈ ವಸಂತದಲ್ಲಿ ಆರೋಗ್ಯವಾಗಿರಲಿ. ವರ್ಲೀನಳ ಕಣ್ಣಿನ ಪೊರೆ ತೊಂದರೆಯಿಲ್ಲದೆ ಕಳೆಯಲಿ. ನಿನ್ನ ಮನೆಯ ಮೇಲೆ ದೇವರ ಕೃಪೆ ನೆಲಸಿರಲಿ.

ನಿನ್ನ ಚೆಂಡು ಹಿಡಿದ,
ಆರ್ವಿಲ್ ಹೌಗನ್

ಮರೆತೆನೆಂದುಕೊಳ್ಳಬೇಡ: ನಿನ್ನ ಪತ್ರದ ಕೊನೆಯ ಸಾಲುಗಳು. ಶಾಲೆಯ ಹುಡುಗರು ನಿನ್ನ ನೆಟ್ಟಗಾಗದ ಮೊಣಕೈಯ ಕಥೆ ಕೇಳಿದಾಗ, “ಅದು ಯಾರ ತಪ್ಪೂ ಅಲ್ಲ ಕಣ್ರೋ. ಅವತ್ತು ಆರ್ವಿಲ್‌ನ ಕೈಗವಸು ಸಿಡಿಲಿನ ಹಾಗೆ ಕೂಗ್ತಿತ್ತು. ಚೆನ್ನಾಗೇ ಎಸೀತಾ ಇದ್ದೆ, ಇದ್ದಕ್ಕಿದ್ದಂತೆ ಹರೀತು” ಎಂದು ಹೇಳಿದೆಯೆಂದು ಬರೆದಿದ್ದೀಯೆ. ಡ್ಯೂಯಿ, ೧೯೮೪ರ ಆ ಏಪ್ರಿಲ್‌ನಲ್ಲಿಯೂ ಹೀಗೆಯೇ ಚಳಿಯಿತ್ತು. ಆಟಕ್ಕೆ ಮುಂಚೆ ತೋಳು ಕಾಯಿಸುವಾಗ, ಹತ್ತನೆಯ ಎಸೆತದ ಹೊತ್ತಿಗೇ ನಿನ್ನ ಚೆಂಡು ಸತ್ತಿದೆಯೆಂದು ನನ್ನ ಅಂಗೈಗೆ ತಿಳಿದಿತ್ತು. ಹಿರಿಯ ತಂಡದವರು ಅಂದೂ ನೋಡಲು ಬಂದಿದ್ದರು. ನಿನಗೆ ಒಳ್ಳೆಯದಾಗಲೆಂದು ಹಾಡಿಸಿದೆ. ನೀನು ನನ್ನತ್ತ ತಿರುಗಿ ಹುಬ್ಬು ಹಾರಿಸಿದೆ. ನಾಲ್ಕನೆಯ ಇನಿಂಗ್ಸ್‌ನಲ್ಲಿ ನಿನ್ನ ಮೊಣಕೈ ಹರಿದ ಸದ್ದು ಅಷ್ಟು ದೂರದಲ್ಲಿ, ಅಂಕಣದ ಬದಿಯಲ್ಲಿ ಕುಳಿತಿದ್ದ ನನಗೂ ಕೇಳಿಸಿತು. ಆ ಸದ್ದೊಂದನ್ನು ಮಾತ್ರ ನಾನು ಮಾಡಿರಲಿಲ್ಲ.

ಡಬ್ಬಿಯ ತಳದಲ್ಲಿ ಇನ್ನು ನಾಲ್ಕು ಚಮಚದಷ್ಟು ಕಾಕಂಬಿ ಉಳಿದಿದೆ. ನಿನ್ನ ಉತ್ತರ ಬರುವವರೆಗೆ ಅದನ್ನು ಮುಟ್ಟುವುದಿಲ್ಲ.