ಹನ್ನೊಂದನೇ ಕಾಲಮ್: ಕಾರಣ

ಜೂನ್ 3
ಇವತ್ತೂ ಎರಡು ವರದಿ. ಕಳ್ಳತನದಲ್ಲಿ ಸಿಕ್ಕಿಬಿದ್ದ ಮಕ್ಕಳ ಮನೆ-ಮಠ ವಿಚಾರಿಸಿ ಮಕ್ಕಳ ಕೋರ್ಟಿಗೆ ಬರೆಯುವುದು ನನ್ನ ಕೆಲಸ. ಹಳೆಯ ಫೈಲ್ ತೆಗೆದು ಹೆಸರು, ವಯಸ್ಸು ಬದಲಾಯಿಸಿದರೆ ಅರ್ಧ ಮುಗಿದಂತೆ. ಹನ್ನೊಂದನೇ ಕಾಲಮ್, ಕಾರಣ: ‘ನಶೆಯ ಚಟಕ್ಕಾಗಿ ಕಳ್ಳತನ.’ ಹದಿನೆಂಟು ವರ್ಷದಿಂದ ಅದೇ ವಾಕ್ಯ.

ಈ ಹುಡುಗಿಗೂ ಅದೇ. ಹದಿಮೂರು ವರ್ಷ. ನಾಲ್ಕು ಮನೆಯಲ್ಲಿ ಬೆಳ್ಳಿ ಕಳವು. ನಶೆಗೆ ಸೊಲ್ಯೂಷನ್ ಅಂಟು ಮೂಸುವ ಚಟ. ಅಪ್ಪ ಅಮ್ಮ ಇಲ್ಲ. ‘ಮನೆಗೆ ಭೇಟಿ ಕೊಟ್ಟು ನೋಡಲಾಗಿದೆ, ಚಿಕ್ಕಪ್ಪನ ವಶಕ್ಕೆ ಒಪ್ಪಿಸಬಹುದು’ ಎಂದು ಸಹಿ ಹಾಕಿದೆ. ಭೇಟಿ ಕೊಟ್ಟಿಲ್ಲ. ನಮ್ಮಲ್ಲಿ ಯಾರೂ ಕೊಡುವುದಿಲ್ಲ.

ಒಂದು ಮಾತ್ರ ಹಲ್ಲಿನ ಸಂದಿಯ ನಾರಿನ ಹಾಗೆ ಕಾಡುತ್ತಿದೆ. ಸೊಲ್ಯೂಷನ್ ಅಗ್ಗ. ಅದಕ್ಕೆ ನಾಲ್ಕು ಮನೆಯ ಬೆಳ್ಳಿ ಯಾಕೆ ಬೇಕು?

ಜೂನ್ 5
ಮಕ್ಕಳ ಹೋಮಿಗೆ ಹೋಗಿ ಬಂದೆ. ಕೆಲಸವಿರಲಿಲ್ಲ. ಬರೀ ಕುತೂಹಲ. ಅಲ್ಲಿಯ ವಾರ್ಡನ್ ಅವಳನ್ನು ಅಳಿಲು ಅಂತಾರೆ, ಅಷ್ಟು ಸಣಕಲು.

“ಮೊದಲು ಯಾವ್ದು ಶುರುವಾಯ್ತು ಪುಟ್ಟಿ? ಮೂಸೋದಾ, ಕದಿಯೋದಾ?”

“ಇದನ್ನ ಯಾರೂ ಕೇಳಿಲ್ಲ ಆಂಟಿ.”

“ನಾನು ಕೇಳ್ತಿದೀನಲ್ಲ.”

“ಮೊದಲು ಗೋಡೆ ಹತ್ತೋದು. ಕೈ ನಡುಗೋದು. ಮೂಸಿದ್ರೆ ಎತ್ತರ ಗೊತ್ತಾಗಲ್ಲ.”

“ಮೂಸು ಅಂತ ಹೇಳಿದ್ಯಾರು?”

ಎದ್ದು ಒಳಗೆ ಓಡಿದಳು.

ಹಾಗಾದರೆ ಕದಿಯುವುದಕ್ಕಾಗಿ ಚಟ... ನಾನು ಇಷ್ಟು ವರ್ಷ ಬರೆದದ್ದು ತಿರುಗುಮುರುಗಾ? ಎಷ್ಟು ಮಕ್ಕಳ ಫೈಲಿನಲ್ಲಿ?

ಜೂನ್ 6
ಮನೆಯವರು ನಗುತ್ತಾರೆ. “ವರದಿ ಕಳಿಸಿ ಆಯ್ತು, ಈಗ ಪತ್ತೇದಾರಿಕೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ.”

ನಗಲಿ.

ಜೂನ್ 10
ಚಿಕ್ಕಪ್ಪನ ಮನೆಗೆ ಹೋದೆ, ಸಹಿ ಹಾಕಿದ ಒಂದು ವಾರದ ಮೇಲೆ. ಸೋಫಾ ರಿಪೇರಿಯವನು. ಮುಂದಿನ ಕೋಣೆಯೇ ಅಂಗಡಿ — ಸ್ಪಂಜು, ರೆಕ್ಸಿನ್, ಸೊಲ್ಯೂಷನ್ ಡಬ್ಬಗಳು. ನಯವಾದ ಮನುಷ್ಯ. ಟೀ ತರಿಸಿದ. “ಮಗು ಬಂದ್ಬಿಟ್ರೆ ಸಾಕು ಮೇಡಂ. ಅವಳಿಲ್ದೆ ಕೈ ಮುರಿದಂಗಾಗಿದೆ.”

ಫೋನ್ ಬಂತೆಂದು ಹೊರಗೆ ಹೋದ. ಅಳತೆ ಪುಸ್ತಕ ಎದುರಿಗೇ ಇತ್ತು. ತಿರುವಿ ಹಾಕಿದೆ. ಕಳ್ಳತನವಾದ ನಾಲ್ಕೂ ಮನೆಗಳ ವಿಳಾಸ ಅದರಲ್ಲಿದೆ. ಪ್ರತಿ ಮನೆಯ ಸೋಫಾ ಅಳತೆಯ ಕೆಳಗೆ ಇನ್ನೊಂದು ಪುಟ್ಟ ಅಳತೆ. ಹದಿನೈದು ಇಂಚು ಉದ್ದ, ಹತ್ತು ಅಗಲ. ಇಷ್ಟು ಚಿಕ್ಕ ಸೋಫಾ ಯಾವ ಬೆಕ್ಕಿಗೆ?

ಅರ್ಧ ಟೀ ಕುಡಿಯುವಾಗ ಹೊಳೆಯಿತು. ಬಚ್ಚಲಿನ ವೆಂಟಿಲೇಟರ್, ಅಳಿಲು ನುಸುಳುವಷ್ಟು.

ಮುಂದಿನ ಪುಟದಲ್ಲಿ ಐದನೇ ಮನೆ. ಅಳತೆ ಆಗಿದೆ, ಕಳ್ಳತನ ಇನ್ನೂ ಆಗಿಲ್ಲ. ನಾಡಿದ್ದು ಹುಡುಗಿಯನ್ನು ಇವನ ಕೈಗೆ ಕೊಡುತ್ತಾರೆ. ನನ್ನ ಸಹಿಯನ್ನು ನಂಬಿ.

ಜೂನ್ 11
ನಮ್ಮ ಆಫೀಸಿನ ಸಾಹೇಬರಿಗೆ ಎಲ್ಲ ಹೇಳಿದೆ. ಕನ್ನಡಕ ತೆಗೆದಿಟ್ಟರು. “ಭೇಟಿ ಕೊಟ್ಟಿದ್ದು ಸುಳ್ಳು ಅಂತ ನೀವೇ ಒಪ್ಕೊಂಡ್ರೆ ಕೆಲಸ ಹೋಗುತ್ತೆ. ಗೊತ್ತಲ್ವಾ?”

ಗೊತ್ತು. ನಿವೃತ್ತಿಗೆ ಎರಡೇ ವರ್ಷ. ನಾಚಿಕೆಯಾಗುತ್ತಿದೆ. ಅದಕ್ಕಿಂತ ಹೆಚ್ಚು ಭಯ. ಸುಮ್ಮನಿದ್ದುಬಿಡೋಣ ಅನ್ನಿಸುವಷ್ಟು ಭಯ.

ಜೂನ್ 12, ಬೆಳಿಗ್ಗೆ 10.40
ಕೋರ್ಟಿನ ಹೊರಗಿನ ಬೆಂಚು. ಚೀಲದಲ್ಲಿ ಹೊಸ ವರದಿ. ಎದುರಿಗೆ ಚಿಕ್ಕಪ್ಪ, ಇಸ್ತ್ರಿ ಅಂಗಿ. ಅವನ ಪಕ್ಕ ಜಾಗವಿದ್ದರೂ ಹುಡುಗಿ ಬಂದು ನನಗಂಟಿ ಕೂತಿದ್ದಾಳೆ. ಅವಳ ಕಿವಿಯಲ್ಲಿ ಮೆಲ್ಲಗೆ ಹೇಳಿದೆ, ಎಲ್ಲ ಹೇಳಿಬಿಡುತ್ತೇನೆ ಅಂತ.

“ನಿಮಗೆ ಬೈತಾರಾ ಆಂಟಿ?”

“ಬೈತಾರೆ.”

ಈಗ ಅವಳು ನನ್ನ ಕಿವಿಯಲ್ಲಿ ಹೇಳಿದಳು. “ಬೈಯುವಾಗ ಅವರ ಮುಖ ನೋಡ್ಬೇಡಿ. ನೆಲ ನೋಡ್ತಾ ಇರಿ. ಬೇಗ ಮುಗಿಯುತ್ತೆ.”

ಕೂಗುತ್ತಿದ್ದಾರೆ. ನನ್ನನ್ನೇ ಮೊದಲು—