ಟವೆಲ್ ಕೆಳಗಿನ ದರ

ನನ್ನ ಹಟಮಾರಿ ಅಪ್ಪನಿಗೆ,

ನಿನ್ನ ಅಂಬಾಸಡರ್ ಕಾರು ಮಾರಿದೆವು. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನೇನು ಕಾಗದ ಪೂರ್ತಿ ಓದುವ ಪೈಕಿ ಅಲ್ಲ. ಸಿಟ್ಟಾಗಬೇಡ, ಸಿಟ್ಟಾಗಬೇಕಾದವಳು ನಾನು. ಲಕ್ವಾ ಹೊಡೆದು ಮಾತು ನಿಂತ ಮೇಲೆ ತಿಂಗಳುಗಟ್ಟಲೆ ಮಲಗಿದ್ದೆಯಲ್ಲ, ಆ ಗಾಡಿಯನ್ನು ಎಷ್ಟಕ್ಕೆ ಕೊಡಬೇಕೆಂದು ಒಂದು ಸನ್ನೆಯನ್ನಾದರೂ ಮಾಡಬಾರದಿತ್ತೇ? ನೀನು ನನ್ನನ್ನು ನೋಡುತ್ತಿದ್ದೆ, ನಾನು ನಿನ್ನನ್ನು ನೋಡುತ್ತಿದ್ದೆ. ಒಂದು ಮಾತೂ ಹೇಳದೆ ಹೋಗಿಬಿಟ್ಟೆ.

ನಂದಗಡದ ಸಂತೆಯಿಂದ ಬರುವಾಗ ಹಿಂದಿನ ಸೀಟಿನ ಮೇಲೆ ಬೆಲ್ಲದ ಪೆಂಟೆ ಕರಗಿದ್ದು ನೆನಪಿದೆಯೇ? ನನ್ನ ಸಾಲೆಯ ಲಂಗ ಸೀಟಿಗೆ ಅಂಟಿಕೊಂಡು, ಇಳಿಯಲಾಗದೆ ನಾನು ಅಳುತ್ತಿದ್ದರೆ, ನೀನು ಸ್ಟೇರಿಂಗ್ ಹಿಡಿದು ನಗುತ್ತಿದ್ದೆ. ಮಗಳಿಗಿಂತ ಬೆಲ್ಲದ ಚಿಂತೆಯೇ ಹೆಚ್ಚು ನಿನಗೆ. ಆ ಕಲೆ ಇನ್ನೂ ಹಾಗೇ ಇತ್ತು.

ಗಾಡಿ ನಿಂತಿದ್ದ ಖಾನಾಪುರದ ನಮ್ಮ ಗೋದಾಮಿನ ಬಾಗಿಲು ತೆಗೆದ ದಿನ ನನಗೆ ಒಳಗೆ ಹೋಗುವ ಧೈರ್ಯವೇ ಆಗಲಿಲ್ಲ. ನಾಲ್ಕೂ ಗಾಲಿ ಕೂತಿದ್ದವು, ಕೆನೆ ಬಣ್ಣದ ಮೇಲೆ ಒಂದು ಬೆರಳು ದಪ್ಪ ಧೂಳು. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿದ. ಅವನನ್ನು ಬೈದು ಕಳಿಸಿದೆ. ಟಿಳಕವಾಡಿಯ ಮೆಕ್ಯಾನಿಕ್ ಹೊಸ ಬಣ್ಣ ಹೊಡೆಸಿ, ಸೀಟು ಬದಲಿಸಿದರೆ ದುಪ್ಪಟ್ಟು ಬರುತ್ತದೆ ಎಂದ. ಫೋನಿನಲ್ಲಿ ಸಿಕ್ಕ ಇನ್ನೊಬ್ಬರು, ಧೂಳನ್ನು ಕೂಡ ಒರೆಸಬೇಡಿ, ಅಸಲಿ ಬಣ್ಣಕ್ಕೇ ಬೆಲೆ ಎಂದರು. ಯಾರನ್ನು ನಂಬಲಿ ಅಪ್ಪಾ? ಕಡಿಮೆಗೆ ಕೊಟ್ಟರೆ ನಿನ್ನನ್ನೇ ಅಗ್ಗಕ್ಕೆ ಮಾರಿದಂತೆ ಅನಿಸುತ್ತಿತ್ತು, ಜಾಸ್ತಿ ಹೇಳಿದರೆ ಗಿರಾಕಿ ಓಡಿಹೋದಾನು ಎಂಬ ಭಯ. ಅವ್ವನನ್ನು ಕೇಳಿದರೆ, ಗಿರಾಕಿ ಬರಲಿ ತಡಿ ಎಂದಷ್ಟೇ ಹೇಳಿ ಅಕ್ಕಿ ಆರಿಸುತ್ತ ಕೂತಳು.

ಬಂದವರು ಯಾರು ಗೊತ್ತೇ? ನಿನ್ನ ಜೊತೆ ಬೆಲ್ಲದ ವ್ಯಾಪಾರ ಮಾಡುತ್ತಿದ್ದ ನಂದಗಡದ ಪರಶುರಾಮ ಕಾಕಾ. ಈಗ ಅವರಿಗೆ ಹಳೇ ಗಾಡಿಗಳ ಹುಚ್ಚು. ಸುತ್ತ ಒಂದು ಸಲ ನಡೆದರು, ಬೆಲ್ಲದ ಕಲೆಯ ಮೇಲೆ ಕೈಯಿಟ್ಟರು. ಬಾಗಿಲಲ್ಲಿ ಆಗಲೇ ಹತ್ತಾರು ಜನ ಸೇರಿದ್ದರು, ಗುಜರಿಯವನೂ ಇದ್ದ. ನಾನು ದರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಕೈಮೇಲೆ ಹಾಕಿಕೊಂಡರು.

"ಬಾಯಿಲೆ ಹೇಳಬ್ಯಾಡ ಬಾಳಾ. ಗಂಡಸರು ಯಾರರ ಅದಾರೇನ ಮನ್ಯಾಗ?"

ನಿಮ್ಮ ಹಳೇ ಪದ್ಧತಿ! ಟವೆಲ್ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು, ಹಿಡಿದ ಬೆರಳಿನ ಎಣಿಕೆಯಲ್ಲೇ ದರ ಮುಗಿಸುವುದು, ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ನೀನು ತಮ್ಮನಿಗೆ ಕಲಿಸಿದೆ, ನಾನು ಕೇಳಿದರೆ ಹುಡುಗಿಯರಿಗೆ ಯಾಕೆ ಎಂದೆ. ತಮ್ಮ ಅಂದು ಊರಲ್ಲಿರಲಿಲ್ಲ. ಮೈಯೆಲ್ಲ ಉರಿದುಹೋಯಿತು ನನಗೆ. ನಿನ್ನ ಗಾಡಿ ಮಾರಲು ನಿನ್ನ ಮಗಳಿಗೆ ಬರುವುದಿಲ್ಲ ಎಂದು ಹತ್ತು ಜನರೆದುರು...

ಆಗ ಮೂಲೆಯ ಕುರ್ಚಿಯಿಂದ ಅವ್ವ ಎದ್ದಳು. ಸೆರಗು ಸರಿಮಾಡಿಕೊಂಡು ಮುಂದೆ ಬಂದು, "ಟವೆಲ್ ಹಾಕ್ರಿ. ನಾ ಹಿಡೀತೇನಿ" ಎಂದಳು.

"ವೈನಿ, ನಿಮಗ ಬರ್ತೈತಿ?"

"ಹಿಡದ ನೋಡ್ರಿ."

ಅವ್ವನ ಮುಖ ನೀನು ನೋಡಬೇಕಿತ್ತು. ಎತ್ತಲೋ ನೋಡುತ್ತ, ಬಸ್ಸಿಗೆ ಕಾಯುವವಳಂತೆ ನಿಂತಿದ್ದಾಳೆ. ಕಾಕಾ ಒಮ್ಮೆ ನಕ್ಕರು, ಒಮ್ಮೆ ತಲೆ ಅಲ್ಲಾಡಿಸಿದರು, ಒಮ್ಮೆ ಕೈ ಬಿಡಿಸಿಕೊಳ್ಳಲು ನೋಡಿದರು; ಅವ್ವ ಬಿಡಲೇ ಇಲ್ಲ. ಕೊನೆಗೆ ಕಾಕಾ ಟವೆಲ್ ಎತ್ತಿ ಮುಖ ಒರೆಸಿಕೊಂಡು ಮುಗಿಯಿತು ಎಂದರು. ಬಣ್ಣ ಹೊಡೆಸುವುದಿಲ್ಲ, ಸೀಟೂ ಹಾಗೇ ಇರುತ್ತದೆ ಎಂದು ಮಾತು ಕೊಟ್ಟರು. ಗಾಡಿ ಟೆಂಪೋ ಏರುವಾಗ ನಾನು ಗೇಟಿನ ಬಳಿ ನಿಂತು ನಾಚಿಕೆ ಬಿಟ್ಟು ಅತ್ತೆ.

ಬೆಳಗಾವಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ, ಇದನ್ನು ಯಾವಾಗ ಕಲಿತೆ ಎಂದು. ಅವ್ವ ಕಿಟಕಿಯ ಕಡೆ ಮುಖ ಮಾಡಿದಳು.

"ಮಾತ ನಿಂತ ಮ್ಯಾಲೆ ನಿಮ್ಮಪ್ಪಾರ ಕಲಿಸಿದ್ರು. ಚಾದರದ ಕೆಳಗ."

ಅಯ್ಯೋ ಅಪ್ಪಾ! ನಾನು ಕೋಣೆಗೆ ಬಂದಾಗಲೆಲ್ಲ ನಿನ್ನ ಎಡಗೈ, ಅವ್ವನ ಕೈ ಚಾದರದ ಕೆಳಗಿರುತ್ತಿದ್ದವು. ಪಾಪ, ಮುದುಕರು ಕೈ ಹಿಡಿದು ಕೂತಿದ್ದಾರೆ ಎಂದುಕೊಂಡು ನಾನು ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದೆ. ನೀವು ಮಾತಾಡುತ್ತಿದ್ದಿರಿ! ಒಂದು ಬೆರಳೆಂದರೆ ನೀರು, ಎರಡೆಂದರೆ ಮಗ್ಗುಲು ಬದಲಿಸು. ಮೂರು ಎಂದರೆ ಮಗಳನ್ನು ಕರೆಸು ಎಂದು, ಅವ್ವನೇ ಹೇಳಿದಳು. ಅವ್ವ ಕಾರಣವಿಲ್ಲದೆ ಫೋನ್ ಮಾಡಿ, ಸುಮ್ಮನೆ ಬಂದು ಹೋಗು ಎನ್ನುತ್ತಿದ್ದುದು ಅದಕ್ಕೇನೋ? ನಾನೋ, ಕೆಲಸ ಇದೆ ಅವ್ವಾ ಎಂದು ಗೊಣಗುತ್ತಲೇ ಬರುತ್ತಿದ್ದೆ. ಬರುತ್ತಿದ್ದೆನಲ್ಲ, ಅಷ್ಟೇ ಸಮಾಧಾನ.

ಗಾಡಿಯ ದರವನ್ನೂ ನೀನು ಹಾಗೆಯೇ ಹೇಳಿಟ್ಟಿದ್ದೆಯಂತೆ. ನಾನು ಊರೆಲ್ಲ ಕೇಳಿಕೊಂಡು ತಿರುಗಿದ್ದು ಬರಿದೇ ದಂಡ. ಮತ್ತೆ ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಅವ್ವನ ಮೇಲೆ ರೇಗಿದೆ. ಗಿರಾಕಿ ಬರುವ ಮೊದಲು ದರ ಬಾಯಿಗೆ ಬರಬಾರದು ಎಂದು ನೀನೇ ತಾಕೀತು ಮಾಡಿದ್ದೆಯಂತೆ. ಆಮೇಲೆ ಅವ್ವ ಸೆರಗಿನ ಕೆಳಗೆ ನನ್ನ ಕೈ ಎಳೆದುಕೊಂಡು, ಮೊದಲು ನೀನು ಹೇಳಿದ ದರ ಹಿಡಿದು ತೋರಿಸಿದಳು, ನಂತರ ಕಾಕಾ ಒಪ್ಪಿದ ದರ.

ಅಪ್ಪಾ, ನೀನು ಹೇಳಿದ್ದಕ್ಕಿಂತ ಒಂದು ಬೆರಳು ಜಾಸ್ತಿ ತಂದಿದ್ದಾಳೆ ನಿನ್ನ ಹೆಂಡತಿ.

ನಿನ್ನ ಮಗಳು